ಮುಳ್ಳುಚೆಂಡಿನ ಜಾಗ

ಆ ಮನೆಯಲ್ಲಿ ಬೀಗಗಳು ಇನ್ನೂರಕ್ಕೆ ಕಡಿಮೆ ಇರಲಿಲ್ಲ, ಬಾಗಿಲುಗಳು ಮಾತ್ರ ಮೂರೇ. ಬೀದಿಗೊಂದು, ಹಿತ್ತಲಿಗೊಂದು, ಬಚ್ಚಲಿಗೊಂದು. ಮಾವ ನಲವತ್ತು ವರ್ಷ ಬಸ್ ನಿಲ್ದಾಣದ ಮೂಲೆಯಲ್ಲಿ ಕೂತು ಊರವರಿಗೆಲ್ಲ ಕೀಲಿಕೈ ಮಾಡಿಕೊಟ್ಟವರು. ಕಣ್ಣು ಮಂಜಾದ ಮೇಲೆ ಅಂಗಡಿ ಎತ್ತಿ, ಉಳಿದ ಬೀಗಗಳನ್ನೆಲ್ಲ ಮೂರು ತಗಡಿನ ಡಬ್ಬಗಳಲ್ಲಿ ತುಂಬಿ ಮನೆಗೆ ತಂದು ಮಂಚದ ಕೆಳಗೆ ತಳ್ಳಿದ್ದರು. ಹಾಕುವುದಕ್ಕೆ ಬಾಗಿಲಿಲ್ಲದ ಬೀಗಗಳು. ಅವುಗಳಲ್ಲಿ ಒಂದನ್ನೂ ಅವರು ಯಾರಿಗೂ ಕೊಟ್ಟದ್ದಿಲ್ಲ. ಒಂದು ಮೊಳೆ ಕೇಳಿದರೂ "ಯಾತಕ್ಕೆ?" ಎಂದು ಮೂರು ಸಲ ಕೇಳುವ ಮನುಷ್ಯ.

ಸೊಸೆ ಆ ಮನೆಗೆ ಬಂದು ಹದಿಮೂರು ವರ್ಷವಾಗಿತ್ತು. ಹದಿಮೂರು ವರ್ಷವೂ ಅವಳು ಮಲಗಿದ್ದು ನಡುಮನೆಯ ಮೂಲೆಯಲ್ಲಿ, ಕಂದು ಬಣ್ಣದ ಪರದೆಯ ಹಿಂದೆ. ಆ ಕಡೆ ಮಾವ ಕೆಮ್ಮಿದರೆ ಈ ಕಡೆ ಪರದೆ ಅಲ್ಲಾಡುತ್ತಿತ್ತು. ಪರದೆಯ ಹಿಂದೆ ಅವಳು, ಬೇಕರಿಯ ವ್ಯಾನ್ ಓಡಿಸುವ ಗಂಡ, ಹನ್ನೆರಡು ವರ್ಷದ ಮಗಳು. ಮಗಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಆ ವರ್ಷದಿಂದ ಚೂಟಿ ಬಟ್ಟೆ ಬದಲಿಸಲು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳತೊಡಗಿದ್ದಳು. ಹೊರಗೆ ಅತ್ತೆ ಟವೆಲ್ ಹಿಡಿದು ನಿಂತು ಬಾಗಿಲು ಬಡಿಯುತ್ತಿದ್ದಳು: "ಏನೇ, ಒಳಗೇ ಸಂಸಾರ ಹೂಡಿದ್ಯಾ?"

"ನಮಗೂ ಒಂದು ಬಾಗಿಲು ಯಾವಾಗಮ್ಮ?" ಎಂದು ಚೂಟಿ ಒಂದು ದಿನ ಕೇಳಿದ್ದಳು.

ಅವಳು ದರ್ಜಿಯ ಅಂಗಡಿಯ ಅಂಗಿಗಳಿಗೆ ಕಾಜ ಹಾಕಿ ಗುಂಡಿ ಹೊಲಿಯುವವಳು. ಬೆಳಿಗ್ಗೆ ಅಂಗಿಗಳ ಗಂಟು ಬರುತ್ತಿತ್ತು, ಸಂಜೆ ಹೋಗುತ್ತಿತ್ತು. ಬೆಳಕು ಬೇಕಾದ ಕೆಲಸ. ಅದಕ್ಕೇ ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೂತರೆ ಎದುರಿಗೇ ನಾದಿನಿಯ ಮುಳ್ಳುಗಿಡಗಳು.

ನಾದಿನಿ ಸೊಸೆಯ ಗಂಡನ ಅಕ್ಕ, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಮೂರು ವರ್ಷದ ಹಿಂದೆ ಒಂದು ತಗಡಿನ ಪೆಟ್ಟಿಗೆ ಹಿಡಿದು, ಕಟ್ಟಿಕೊಂಡವನನ್ನು ಬಿಟ್ಟು ಬಂದಿದ್ದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ "ಕಾಲಿತ್ತು, ಬಂದೆ" ಅನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ಕೆಲಸ, ರಾತ್ರಿ ಅಡುಗೆಮನೆಯಲ್ಲಿ ಚಾಪೆ. ಬಂದ ಮೊದಲ ತಿಂಗಳಲ್ಲೇ ಆಸ್ಪತ್ರೆಯ ಮಾಲಿ ಯಾವುದೋ ಮುಳ್ಳುಗಿಡ ಕಿತ್ತೆಸೆದದ್ದನ್ನು ನೋಡಿ, ಅದರ ಬೇರಿನ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ತಂದಿದ್ದಳು. ಹಿತ್ತಲಿನ ಹಿಂದಿನ ಗೋಡೆಯ ಬುಡದಲ್ಲಿ, ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರು, ಗಾಜು, ಸುಣ್ಣ ಸುರಿದಿದ್ದ ಜಾಗವೊಂದಿತ್ತು. ಕಳೆಯೂ ಹುಟ್ಟದ ಜಾಗ. ಅದನ್ನು ಮೂರು ವಾರ ಬರಿಗೈಯಲ್ಲಿ ಸ್ವಚ್ಛ ಮಾಡಿದಳು.

ಮಾವ ಒಂದು ಸಂಜೆ ಬಂದು ನೋಡುತ್ತ ನಿಂತರು.

"ಅಪ್ಪಾ, ಈ ಜಾಗ ನಾನು ತಗೊಳ್ಳಲಾ? ಗೋಡೆವರೆಗೂ?"

ಮಾವನಿಗೆ ಆ ದಿನ ಏನಾಗಿತ್ತೋ. ಮಗಳ ಬೆರಳುಗಳಿಗೆ ಸುತ್ತಿದ್ದ ಬಟ್ಟೆ ಚೂರುಗಳನ್ನು ನೋಡಿರಬೇಕು. "ಇಟ್ಕೋ, ಇಟ್ಕೋ" ಅಂದರು. ಅಂದವರೇ, ತಾವು ಆಡಿದ ಮಾತಿಗೆ ತಾವೇ ಬೆಚ್ಚಿದವರಂತೆ ಸರಸರನೆ ಒಳಗೆ ಹೋಗಿಬಿಟ್ಟರು.

ಸೊಸೆ ಆಗ ತಂತಿಯ ಮೇಲೆ ಒದ್ದೆ ಚಾದರ ಹರವುತ್ತಿದ್ದಳು. ಚಾದರದ ಹಿಂದೆ ಅವಳು ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಕಿವಿಗೆ ಚಾದರ ಅಡ್ಡ ಬರುತ್ತದೆಯೇ? ನಗು ತಡೆಯಲಾರದೆ ಒಳಗೆ ಓಡಿ ಬಂದು ಮಗಳಿಗೆ ಮಾವನ ದನಿಯಲ್ಲೇ ಅನುಕರಿಸಿ ಹೇಳಿದ್ದಳು. "ಮೊಳೆ ಕೊಡದ ನಿಮ್ಮಜ್ಜ ಇವತ್ತು ಜಾಗಾನೇ ಕೊಟ್ಬಿಟ್ರು ಕಣೇ!" ಆಮೇಲೆ ತಿಂಗಳುಗಟ್ಟಲೆ ತಾಯಿಮಗಳಿಗೆ ಅದೇ ಆಟ. ಚೂಟಿ ಅಂಗಳದ ಕಲ್ಲು ತಂದು ಅಮ್ಮನ ಮಡಿಲಿಗೆ ಹಾಕಿ ಗೊಗ್ಗರು ದನಿಯಲ್ಲಿ "ಇಟ್ಕೋ, ಇಟ್ಕೋ" ಅನ್ನುವುದು, ಇಬ್ಬರೂ ಬಿದ್ದು ಬಿದ್ದು ನಗುವುದು.

ಮೊದಲ ವರ್ಷ ಬರೀ ಎಲೆ. ಮೇಲೆ ಒರಟು ಹಸಿರು, ಕೆಳಗೆ ಬಿಳಿ ಉಣ್ಣೆ, ಅಂಚಿಗೆಲ್ಲ ಮುಳ್ಳು. ಎರಡನೆಯ ವರ್ಷ ಸೊಂಟದೆತ್ತರದ ದಂಟು, ದಂಟಿನ ತುದಿಗೆ ನಿಂಬೆಕಾಯಿಯಷ್ಟು ದೊಡ್ಡ ಮುಳ್ಳಿನ ಚೆಂಡು. ಹಸಿರಿದ್ದದ್ದು ಬೂದುಬಣ್ಣವಾಗಿ, ಬೂದು ನೀಲಿಯಾಗಿ, ಉಕ್ಕನ್ನು ಕಾಯಿಸಿ ತಣಿಸಿದಾಗ ಬರುವ ನೀಲಿ. ಆಗಲೇ ಕೊಯ್ಯಬೇಕು, ಚೆಂಡು ಒಡೆದು ಹೂ ಬಿಡುವ ಮುಂಚೆ. ಕೊಯ್ದು ತಲೆಕೆಳಗಾಗಿ ತೂಗುಹಾಕಿದರೆ ವರ್ಷಗಟ್ಟಲೆ ಬಣ್ಣ ಹೋಗದು. ತಡವಾದರೆ ಒಣಗಿದ ಮೇಲೆ ಮುಟ್ಟಿದರೆ ಪುಡಿ. ಮುಂಚೆ ಕೊಯ್ದರೆ ಹುಲ್ಲಿನ ಬಣ್ಣ. ಆಸ್ಪತ್ರೆಯ ಗೇಟಿನ ಹೂವಿನಂಗಡಿಯಾಕೆ ಹೋದ ವರ್ಷ ನಲವತ್ತು ಚೆಂಡು ತೆಗೆದುಕೊಂಡು, "ಬಾಡದ ಹೂವು ಅಂದ್ರೆ ರೋಗಿಗಳ ಕಡೆಯವರಿಗೆ ಬಲು ಇಷ್ಟ. ಮುಂದಿನ ಸಲ ಅಷ್ಟೂ ತಾ. ಚೆನ್ನಾಗಿ ಬಂದ್ರೆ ಇಸ್ತ್ರಿ ಪೆಟ್ಟಿಗೆ ಬಿಟ್ಟು ನನ್ನ ಅಂಗಡಿಗೇ ಬಂದುಬಿಡು" ಅಂದಿದ್ದಳು.

ಅತ್ತೆಗೆ ಮಾತ್ರ ಅದು ಕಣ್ಣಿಗೆ ಚುಚ್ಚುತ್ತಿತ್ತು. "ಊರಲ್ಲೆಲ್ಲ ಹೆಣ್ಮಕ್ಕಳು ಗುಲಾಬಿ ಬೆಳೀತಾರೆ. ನನ್ನ ಹೊಟ್ಟೇಲಿ ಹುಟ್ಟಿದ್ದು ಮುಳ್ಳು ಬೆಳೆಯುತ್ತೆ."

"ಗುಲಾಬಿಗೆ ಮುಳ್ಳಿಲ್ವಾಮ್ಮ? ಇದು ಮೊದಲೇ ಹೇಳಿ ಚುಚ್ಚುತ್ತೆ, ಅಷ್ಟೇ" ಅನ್ನುತ್ತಿದ್ದಳು ನಾದಿನಿ.

ಚೂಟಿ ಅವಳಿಗೆ ಮುಳ್ಳತ್ತೆ ಎಂದು ಹೆಸರಿಟ್ಟಿದ್ದಳು. ಶಾಲೆಯಿಂದ ಬಂದರೆ ಚೀಲ ಎಸೆದು ಮುಳ್ಳತ್ತೆಯ ಹಿಂದೆಯೇ. ದಂಟಿಗೆ ಕೋಲು ಕಟ್ಟುವುದು, ಚೆಂಡು ಎಣಿಸುವುದು. ಮೂರನೆಯ ವರ್ಷ ಇನ್ನೂರ ಹದಿನಾರು ಚೆಂಡು ಬಂದವು. ಎಣಿಸಿದವಳು ಚೂಟಿಯೇ. ಎಲ್ಲವೂ ಇನ್ನೂ ಹಸಿರಾಗಿದ್ದವು.

ಆ ವಾರದ ಒಂದು ಸಂಜೆ ಊಟಕ್ಕೆ ಬೇಳೆ, ಅನ್ನ, ಗಂಡ ಬೇಕರಿಯಿಂದ ತಂದ ನಿನ್ನೆಯ ಬ್ರೆಡ್. ಗಂಡ ಬ್ರೆಡ್ಡನ್ನು ಬೇಳೆಯಲ್ಲಿ ಅದ್ದುತ್ತ, ಯಾರ ಮುಖವನ್ನೂ ನೋಡದೆ ಹೇಳಿದ:

"ಹಿಂದಿನ ಗೋಡೆಗೆ ಒರಗಿಸಿ ಒಂದು ಕೋಣೆ ಎಬ್ಬಿಸೋಣ ಅಂತಿದೀನಿ. ಬೇಕರಿಯ ಹಳೇ ಒಲೆ ಕೆಡವಿದ್ದಾರೆ. ಇಟ್ಟಿಗೆ ಸುಮ್ನೆ ಕೊಡ್ತಾರಂತೆ, ನಾವು ಹೊತ್ಕೊಂಡು ಬಂದ್ರೆ ಆಯ್ತು."

ಈ ಮಾತು ಗಂಡನ ಬಾಯಿಗೆ ಬಂದದ್ದು ಹೇಗೆಂದು ಸೊಸೆಗೆ ಗೊತ್ತಿತ್ತು. ಮೂರು ತಿಂಗಳಿಂದ ಚಮಚ ಚಮಚವಾಗಿ ತುಂಬಿದವಳು ಅವಳೇ. ತಲೆ ತಗ್ಗಿಸಿ ಅನ್ನ ಕಲಸಿದಳು.

"ಯಾವ ಗೋಡೆ?" ನಾದಿನಿ ಕೇಳಿದಳು.

"ಹಿಂದೆ ಎಷ್ಟು ಗೋಡೆ ಇದೆ ಅಕ್ಕ?"

"ಅಲ್ಲಿ ನನ್ನ ಗಿಡ ಇದೆ."

"ಗಿಡ ಎಲ್ಲಾದ್ರೂ ಬೆಳೆಯುತ್ತೆ. ಕುಂಡದಲ್ಲಿ ಹಾಕ್ಕೋ."

"ಅದೇನು ಕೊತ್ತಂಬರಿಯೇನೋ ಕುಂಡದಲ್ಲಿ ಹಾಕೋಕೆ? ಬೇರು ನನ್ನ ಮೊಣಕಾಲುದ್ದ ಇಳಿದಿದೆ. ಕಿತ್ತರೆ ಈ ವರ್ಷದ್ದು ಹೋಯ್ತು."

"ಹೋದ್ರೆ ಹೋಗ್ಲಿ ಬಿಡು ಪೀಡೆ," ಅತ್ತೆ ನಡುವೆ ಬಂದಳು. "ಅದಕ್ಕೆ ಸಿಕ್ಕಿ ನನ್ನ ಸೀರೆ ಎರಡು ಹರಿದಿದೆ. ಈ ವಯಸ್ಸಲ್ಲಿ ನಾನು ತೇಪೆ ಹಾಕ್ಕೊಂಡು ಓಡಾಡಬೇಕಾ?"

ಚೂಟಿ ಕಿಸಕ್ಕನೆ ನಕ್ಕಳು. ನಾದಿನಿ ನಗಲಿಲ್ಲ. "ಆ ಜಾಗ ಅಪ್ಪ ನನಗೆ ಕೊಟ್ಟಿದ್ದು. 'ಇಟ್ಕೋ' ಅಂದಿದ್ರು."

"ಇಟ್ಕೋ ಅಂದ್ರಾ? ನಮ್ಮಪ್ಪ?" ಗಂಡ ಬಾಯಿಯಲ್ಲಿ ಬ್ರೆಡ್ ಇಟ್ಟುಕೊಂಡೇ ನಕ್ಕ. "'ನೋಡ್ಕೋ' ಅಂದಿರ್ತಾರೆ ಅಕ್ಕ. ಖಾಲಿ ಬಿದ್ದಿದೆ, ನೋಡ್ಕೋ ಅಂತ."

"ಇಟ್ಕೋ ಅಂದ್ರು. ಎರಡು ಸಲ."

"ನೋಡ್ಕೋ ಅಂತಾನೂ ಎರಡು ಸಲ ಅನ್ನಬಹುದು."

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಬೇಳೆಯಲ್ಲಿ ಕಲ್ಲು ಹುಡುಕುವವರಂತೆ ಬೆರಳಾಡಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅದು ಅವರ ಹಳೆಯ ದಾರಿ.

"ಏನಂದೆನೋ. ಮೂರು ವರ್ಷದ ಮಾತು. ಇಟ್ಕೋ ಅಂದೆನೋ, ನೋಡ್ಕೋ ಅಂದೆನೋ. ಎರಡೂ ಒಂದೇ ಅಲ್ವಾ?"

"ಒಂದೇ ಹೇಗಾಗುತ್ತಪ್ಪ? ನೋಡ್ಕೊಳ್ಳೋಳು ಆಳು. ಇಟ್ಕೊಳ್ಳೋಳು ಒಡತಿ."

"ಉಪ್ಪು ಕೊಡು" ಅಂದರು ಮಾವ.

ಮಾರನೆಯ ದಿನದಿಂದ ನಾದಿನಿ ಮನೆಯವರ ಬಟ್ಟೆಗೆ ಇಸ್ತ್ರಿ ಹಾಕುವುದನ್ನು ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ದಿನಕ್ಕೆ ಮುನ್ನೂರು ಚಾದರ ತಿಕ್ಕಿ ಬಂದವಳು ಮನೆಯವರ ಅಂಗಿಗಳನ್ನೂ ತಿಕ್ಕುತ್ತಿದ್ದಳೆಂಬುದು, ನಿಂತಾಗಲೇ ಎಲ್ಲರಿಗೂ ಗೊತ್ತಾದದ್ದು. ಗಂಡ ಮುದುಡಿದ ಅಂಗಿಯಲ್ಲೇ ವ್ಯಾನ್ ಹತ್ತಿದ. ಊಟವನ್ನು ನಾದಿನಿ ಅಡುಗೆಮನೆಯಲ್ಲೇ ಮಾಡಿ, ತನ್ನ ತಟ್ಟೆ ಮಾತ್ರ ತೊಳೆದಿಟ್ಟಳು. ಅತ್ತೆ ಆ ಒಂದು ತಟ್ಟೆಯನ್ನು ನೋಡಿ, "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು" ಎಂದು ಗೊಣಗಿ ಉಳಿದ ಐದನ್ನು ತಾನೇ ಎತ್ತಿಕೊಂಡಳು.

ನಾಲ್ಕನೆಯ ದಿನ ನಲ್ಲಿಯ ಹತ್ತಿರ ಇಬ್ಬರೇ ಸಿಕ್ಕರು. ಸೊಸೆಯ ಬಕೆಟ್ಟು ತುಂಬುತ್ತಿತ್ತು.

"ನೀನು ಅಲ್ಲೇ ಇದ್ದೆ" ಅಂದಳು ನಾದಿನಿ.

"ಎಲ್ಲಿ ಅಕ್ಕ?"

"ಚಾದರದ ಹಿಂದೆ. ಕೆಳಗೆ ನಿನ್ನ ಪಾದ ಕಾಣ್ತಿತ್ತು. ಎಡಗಾಲಿನ ಚಪ್ಪಲಿ ಪಟ್ಟಿಗೆ ಪಿನ್ನು ಹಾಕಿದ್ದೆ."

ಸೊಸೆ ನಲ್ಲಿಯನ್ನು ಸ್ವಲ್ಪ ಜೋರಾಗಿ ತಿರುಗಿಸಿದಳು.

"ಕೋಣೆ ಬೇಡ ಅಂತ ನಾನು ಹೇಳ್ತಿಲ್ಲ ಕಣೇ. ನಿನಗೆ ಬಾಗಿಲು ಬೇಕು ಅಂತ ನನಗೆ ಗೊತ್ತಿಲ್ವಾ? ನಾನೂ ಒಲೆ ಪಕ್ಕ ಮಲಗೋಳೇ. ಆದ್ರೆ ಅದು ನನ್ನ ಜಾಗ ಅಂತ ನಿನ್ನ ಗಂಡ ಒಪ್ಕೊಂಡು ಕೇಳಲಿ. ಕೇಳಿದ್ರೆ ಅರ್ಧ ಬಿಟ್ಕೊಡ್ತೀನಿ. ಮೂರು ವಾರ ಕಾಯಲಿ, ಚೆಂಡು ನೀಲಿ ಆಗಲಿ. ಅಷ್ಟೇ."

"ನೋಡೋಣ ಅಕ್ಕ."

"ನೋಡೋದೇನಿದೆ? ಕಿವಿಗೆ ಬಿದ್ದಿದ್ದನ್ನ ಬಾಯಲ್ಲಿ ಹೇಳೋದು."

ಬಕೆಟ್ಟು ತುಂಬಿ ನೀರು ಹರಿಯತೊಡಗಿತ್ತು. ಸೊಸೆ ಎತ್ತಿಕೊಂಡು ಒಳಗೆ ಬಂದಳು. ಅರ್ಧ ಜಾಗವೆಂದರೆ ಮಂಚ ಹಾಕಿದರೆ ಬಾಗಿಲು ತೆರೆಯದು, ಬಾಗಿಲು ತೆರೆದರೆ ಮಂಚ ಹಿಡಿಯದು. ಅದನ್ನು ಅವಳು ಆಗಲೇ ಹೆಜ್ಜೆ ಹಾಕಿ ಅಳೆದು ನೋಡಿದ್ದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಸೊಸೆ ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿಯುತ್ತಿದ್ದಳು. ಅಡುಗೆಮನೆಯಿಂದ ನಾದಿನಿಯನ್ನು ಕರೆತಂದು ಕೂರಿಸಿ, ಅತ್ತೆಯೇ ಶುರು ಮಾಡಿದಳು:

"ಒಂದು ವಾರದಿಂದ ಈ ಮನೇಲಿ ಅನ್ನ ಇಳೀತಿಲ್ಲ. ಇವಳು ಹೇಳ್ತಾಳೆ, ಅಪ್ಪ ಮಾತಾಡುವಾಗ ನೀನು ಅಲ್ಲೇ ಇದ್ದೆಯಂತೆ. ಹೌದೇನೇ?"

"ಬಟ್ಟೆ ಒಣಗಿಸ್ತಿದ್ದೆ ಅತ್ತೆ."

"ಮತ್ತೆ ಹೇಳು. ಇವರು ಏನಂದ್ರು?"

ಕೈಯಲ್ಲಿದ್ದ ಮೊಟ್ಟೆ ಸುಡುತ್ತಿತ್ತು. ಗಂಡ ಅವಳನ್ನೇ ನೋಡುತ್ತಿದ್ದ. ಚೂಟಿ ಉಪ್ಪಿನ ಬಟ್ಟಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಮಾವ ಮಾತ್ರ ತಲೆ ಎತ್ತಿರಲಿಲ್ಲ. ಆದರೆ ಅವರ ದವಡೆ ಅಗಿಯುವುದನ್ನು ನಿಲ್ಲಿಸಿತ್ತು.

"'ನೋಡ್ಕೋ' ಅಂದ್ರು" ಎಂದಳು ಸೊಸೆ. ಅಷ್ಟು ಸಾಲದೆಂದು ಅನಿಸಿತೋ ಏನೋ, "'ಖಾಲಿ ಬಿದ್ದಿದೆ, ನೋಡ್ಕೋ' ಅಂದ್ರು" ಎಂದು ಸೇರಿಸಿದಳು.

ಮಾವನ ದವಡೆ ಮತ್ತೆ ಅಗಿಯತೊಡಗಿತು. "ಹಾಂ, ಹಾಗೇ ಅಂದಿರ್ತೀನಿ. ನಾನು ಯಾರಿಗೂ ಇಟ್ಕೋ ಅನ್ನೋ ಮನುಷ್ಯನೇ ಅಲ್ಲ."

"ಮುಗೀತಲ್ಲ?" ಅಂದ ಗಂಡ.

ನಾದಿನಿ ಕೂಗಾಡುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ಅವಳು ಸೊಸೆಯ ಕಾಲುಗಳನ್ನು ನೋಡಿದಳು, ಮುಖವನ್ನಲ್ಲ.

"ಚಪ್ಪಲಿಗೆ ಹೊಸ ಪಟ್ಟಿ ಹಾಕಿಸ್ಕೋ. ಪಿನ್ನು ಚುಚ್ಚುತ್ತೆ" ಎಂದು ತನ್ನ ಪಾಲಿನ ಮೊಟ್ಟೆ ತೆಗೆದುಕೊಂಡು ತಿಂದಳು.

ಮಾರನೆಯ ಬೆಳಿಗ್ಗೆ ಸೊಸೆ ಮಗಳಿಗೆ ಜಡೆ ಹೆಣೆಯುತ್ತಿದ್ದಳು.

"ಅಮ್ಮ, ಅಜ್ಜ 'ಇಟ್ಕೋ ಇಟ್ಕೋ' ಅಂದ್ರು ಅಂತ ನೀನೇ ನನಗೆ ಹೇಳಿದ್ದೆ ಅಲ್ವಾ? ನಾವು ಕಲ್ಲು ಇಟ್ಕೊಂಡು ಆಟ ಆಡ್ತಿದ್ವಿ."

"ತಲೆ ಅಲ್ಲಾಡಿಸ್ಬೇಡ."

"ಹೇಳಿದ್ದೆಯಲ್ಲ?"

"ಅದು ತಮಾಷೆಗೆ ಹೇಳಿದ್ದು."

"ಹಾಗಾದ್ರೆ ಮುಳ್ಳತ್ತೆ ಹೇಳಿದ್ದು ಸುಳ್ಳಾ?"

ಸೊಸೆ ಜಡೆಯನ್ನು ಬಿಗಿಯಾಗಿ ಎಳೆದಳು. "ನಿನಗೆ ಬಾಗಿಲು ಬೇಕೋ ಬೇಡ್ವೋ?"

ಚೂಟಿ ಮಾರನೆಯ ದಿನದಿಂದ ತಾನೇ ಜಡೆ ಹಾಕಿಕೊಂಡಳು, ವಕ್ರವಾಗಿ.

ಎರಡು ವಾರವಾದರೂ ಕಾಯೋ ಎಂದು ನಾದಿನಿ ತಮ್ಮನನ್ನು ಒಂದೇ ಒಂದು ಸಲ ಕೇಳಿದಳು. "ಇಟ್ಟಿಗೆ ಬೇರೆಯವರು ಹೊತ್ಕೊಂಡು ಹೋಗ್ತಾರೆ ಅಕ್ಕ" ಎಂದ ಅವನು. ಅವಳು ಸಂಜೆ ಕತ್ತರಿ ಹಿಡಿದು ಇನ್ನೂರ ಹದಿನಾರು ಚೆಂಡುಗಳನ್ನೂ ಹಸಿರಾಗಿದ್ದಂತೆಯೇ ಕೊಯ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಇನ್ನೂ ಬಣ್ಣಾನೇ ಬಂದಿಲ್ಲ, ಈಗಲೇ ಯಾಕೆ ಕತ್ತರಿಸ್ತಿದೀಯ?" ಎಂದಳು.

"ಹೂ ಬಿಡೋಕೆ ಮುಂಚೆ ಕತ್ತರಿಸೋದು ಈ ಮನೆಗೆ ಹೊಸದೇನಮ್ಮ?"

ಅಡುಗೆಮನೆಯ ಹಗ್ಗದ ಮೇಲೆ ಅವು ತಲೆಕೆಳಗಾಗಿ ತೂಗಾಡಿ ಒಣಗಿದವು. ಹತ್ತು ದಿನದಲ್ಲಿ ಹುಲ್ಲಿನ ಬಣ್ಣ. ಹೂವಿನಂಗಡಿಯಾಕೆ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿ ವಾಪಸ್ ಕೊಟ್ಟಳಂತೆ. ಅಂಗಡಿಯ ಕೆಲಸದ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಗಾರೆಯವನು ಅಗೆಯಲು ಬಂದ ದಿನ ನಾದಿನಿ ಕೆಲಸಕ್ಕೆ ಹೊರಟು ನಿಂತವಳು ಒಂದು ಕ್ಷಣ ತಡೆದಳು. "ಬೇರು ಪೂರ್ತಿ ತೆಗೀರಿ. ಗುದ್ದಲಿ ಬಿದ್ದು ತುಂಡಾದ್ರೆ ತುಂಡಿಗೊಂದು ಗಿಡ ಏಳುತ್ತೆ."

"ನೀವು ಹೋಗಿ ಅಮ್ಮ, ಎಂತೆಂಥ ಮರದ ಬೇರನ್ನೇ ತೆಗೆದಿದೀವಿ" ಎಂದ ಗಾರೆಯವನು. ಅವಳು ಬೀದಿ ದಾಟುವುದರೊಳಗೆ ಗುದ್ದಲಿಯಿಂದ ಕಚಕಚ ಕೊಚ್ಚಿ, ಮಣ್ಣಿನ ಜೊತೆಗೇ ಎಲ್ಲವನ್ನೂ ಅತ್ತಿತ್ತ ಎಳೆದ. ಮೆಟ್ಟಿಲ ಮೇಲೆ ಕಾಜ ಹಾಕುತ್ತಿದ್ದ ಸೊಸೆ ನೋಡಿದಳು. ಹೇಳಬೇಕಾದಾಗ ಹೇಳದಿದ್ದವಳಿಗೆ ಈಗ ಯಾವ ಬಾಯಿ?

ಆ ವಾರವೇ ನಾದಿನಿ ತಗಡಿನ ಪೆಟ್ಟಿಗೆ ಕಟ್ಟಿದಳು. ಆಸ್ಪತ್ರೆಯ ಕೆಲಸದವರ ವಸತಿಯಲ್ಲಿ ಒಂದು ಮಂಚ ಖಾಲಿಯಾಗಿತ್ತಂತೆ.

"ನಾಲ್ಕು ಜನ ಏನಂತಾರೆ?" ಎಂದಳು ಅತ್ತೆ.

"ಇಲ್ಲಿ ಐದು ಜನ ಅಂದಿದ್ದು ಸಾಕಾಗಿದೆ."

ಮಾವ ಒಳಗಿನಿಂದ ಬಂದರು. ಕೈಯಲ್ಲಿ ಒಂದು ಬೀಗ, ಹೊಸದರಂತೆ ಉಜ್ಜಿ ಎಣ್ಣೆ ಹಾಕಿದ್ದು. ಹದಿಮೂರು ವರ್ಷದಲ್ಲಿ ಅವರು ಡಬ್ಬದಿಂದ ಬೀಗ ತೆಗೆದು ಕೊಡುವುದನ್ನು ಸೊಸೆ ನೋಡಿದ್ದು ಅದೇ ಮೊದಲು.

"ಅಲ್ಲಿ ಎಂಟು ಜನ ಒಂದೇ ಕಡೆ ಮಲಗ್ತಾರಂತೆ. ಪೆಟ್ಟಿಗೆಗೆ ಬೇಕಾಗುತ್ತೆ. ಇಟ್ಕೋ."

ನಾದಿನಿ ಬೀಗವನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಇಟ್ಕೋಬೇಕಾ ಅಪ್ಪಾ, ನೋಡ್ಕೋಬೇಕಾ?"

ಮಾವನ ಕೈ ಚಾಚಿದಂತೆಯೇ ಇತ್ತು. ಅವಳು ಪೆಟ್ಟಿಗೆಗೆ ಎರಡು ಸುತ್ತು ಹಗ್ಗ ಬಿಗಿದು, ಚೂಟಿಯ ವಕ್ರ ಜಡೆಯನ್ನು ಒಮ್ಮೆ ಬಿಚ್ಚಿ ನೆಟ್ಟಗೆ ಹೆಣೆದು ಕೊಟ್ಟು, ಹೊರಟುಹೋದಳು.

ಕೋಣೆ ಐದು ವಾರದಲ್ಲಿ ಎದ್ದಿತು. ಒಲೆಯ ಇಟ್ಟಿಗೆಗಳು ಒಳಗಿನವರೆಗೂ ಕರಕಲು. ಗಾರೆ ಬಳಿದ ಮೇಲೂ, ಮಧ್ಯಾಹ್ನದ ಬಿಸಿಲಿಗೆ ಗೋಡೆ ಸೀದ ಬ್ರೆಡ್ಡಿನ ವಾಸನೆ ಬಿಡುತ್ತಿತ್ತು. ಸೊಸೆಗೆ ಆ ವಾಸನೆಯೂ ಹಿತವಾಗಿತ್ತು. ಅವಳು ಕಾಜದ ದಾರದಿಂದ ಮಂಚದ ಉದ್ದ ಅಳೆದಳು, ಮಗಳ ಪುಸ್ತಕಕ್ಕೆ ಹಲಗೆ ಎಲ್ಲಿ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದಳು. ಬಾಗಿಲು ಕೂರಿಸಿದ ದಿನ ಮಾವ ಹಿತ್ತಾಳೆಯ ದೊಡ್ಡ ಬೀಗವೊಂದನ್ನು ತಾವೇ ತಂದು ಹಾಕಿದರು. ಮಗಳು ಬೇಡವೆಂದ ಬೀಗ ಡಬ್ಬಕ್ಕೆ ವಾಪಸ್ ಹೋಗಿತ್ತು, ಇದು ಅದಕ್ಕಿಂತ ದೊಡ್ಡದು. ಸೊಸೆ ಬಕೆಟ್ಟು ಹಿಡಿದು ಗೋಡೆಗೆ ನೀರು ಹಾಕುತ್ತಿದ್ದಳು, ಚೂಟಿ ಇನ್ನೊಂದು ಬಕೆಟ್ಟು ತರುತ್ತಿದ್ದಳು. ಮಾವ ಕೀಲಿಕೈಯನ್ನು ಎರಡು ಸಲ ತಿರುಗಿಸಿ ನೋಡಿ ಸೊಸೆಯ ಒದ್ದೆ ಕೈಯಲ್ಲಿಟ್ಟರು.

"ಇಟ್ಕೋ" ಅಂದರು.

ಅವಳು ಚೂಟಿಯ ಕಡೆ ನೋಡಿದಳು. ಹಳೆಯ ಆಟ ನೆನಪಾಗಿ ನಗು ಬಂದೀತೆಂದುಕೊಂಡಿದ್ದಳು. ಚೂಟಿ ಬಕೆಟ್ಟಿನ ನೀರನ್ನು ಗೋಡೆಗೆ ಎರಚಿ ಮತ್ತೆ ನಲ್ಲಿಯ ಕಡೆ ಹೋದಳು.

ಕೀಲಿಕೈಗೆ ಕಾಜದ ದಾರ ಹಾಕಿ ಸೊಸೆ ಕೊರಳಿಗೆ ಕಟ್ಟಿಕೊಂಡಳು. ಗಾರೆಯವನು ಹದಿನೈದು ದಿನ ನೀರು ಹಾಕಿ ಅಂದಿದ್ದ. ಹದಿನೈದು ದಿನವೂ ದಿನಕ್ಕೆ ಮೂರು ಬಾರಿ ಹಾಕಿದಳು. ಹದಿನಾರನೆಯ ದಿನ ಪರದೆಯನ್ನು ಬಿಚ್ಚಿ ಒಗೆದು ತಂತಿಗೆ ಹಾಕಿದಳು.

ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಹೇಳಿದಳು:

"ಅಂಚೆ ಕಚೇರಿಯ ಗುಮಾಸ್ತರೊಬ್ಬರು ನಾಳೆ ಕೋಣೆ ನೋಡೋಕೆ ಬರ್ತಾರೆ. ಒಬ್ಬರೇ ಅಂತೆ, ಗಲಾಟೆ ಇಲ್ಲ. ಗುಡಿಸಿಡು."

ಸೊಸೆ ಬಡಿಸುತ್ತಿದ್ದ ಸೌಟು ನಿಂತಿತು. "ಯಾವ ಕೋಣೆ?"

"ಎಷ್ಟು ಕೋಣೆ ಇದೆ ಹಿಂದೆ?"

ಅವಳು ಗಂಡನ ಕಡೆ ತಿರುಗಿದಳು. "ರೀ?"

"ಒಂದೆರಡು ವರ್ಷ ಬಾಡಿಗೆಗೆ ಕೊಡೋಣ ಅಂತ ಅಮ್ಮ ಅಂದ್ಲು." ಗಂಡ ಬ್ರೆಡ್ಡು ಮುರಿದ. "ಅಕ್ಕನ ಸಂಬಳಾನೂ ಈಗ ಮನೆಗೆ ಬರಲ್ಲ. ಆಮೇಲೆ ನಾವೇ ಹೋದ್ರಾಯ್ತು. ಎಲ್ಲಿಗೆ ಓಡಿಹೋಗುತ್ತೆ ಕೋಣೆ?"

"ಅದು ನಮಗೆ ಅಂತ ಕಟ್ಟಿಸಿದ್ದು. ಮಾವ ನನಗೆ ಕೀಲಿಕೈ ಕೊಟ್ರು. 'ಇಟ್ಕೋ' ಅಂದ್ರು."

ಹೇಳಿದ ಮೇಲೆಯೇ ಅವಳಿಗೆ ತನ್ನ ಮಾತು ತನಗೆ ಕೇಳಿಸಿದ್ದು.

"ನೋಡ್ಕೋ ಅಂದಿರ್ತಾರೆ," ಅತ್ತೆ ಅಂದಳು. "ಗೋಡೆಗೆ ನೀರು ಹಾಕಬೇಕಿತ್ತಲ್ಲ."

"ಇಟ್ಕೋ ಅಂದ್ರು ಅತ್ತೆ. ಮಾವ, ನೀವೇ ಹೇಳಿ."

ಮಾವ ಬೇಳೆಯಲ್ಲಿ ಬೆರಳಾಡಿಸಿದರು. "ಏನಂದೆನೋ. ನೆನಪಿಲ್ಲ. ನಾನು ಯಾರಿಗೂ ಹಾಗೆಲ್ಲ ಅನ್ನೋ ಮನುಷ್ಯ ಅಲ್ಲ. 'ನೋಡ್ಕೋ' ಅಂದ್ರು ಅಂತ ಅವತ್ತು ನೀನೇ ಹೇಳಿದೆಯಲ್ಲಮ್ಮ."

"ಚೂಟಿ ಇದ್ದಳು!" ಸೊಸೆಯ ದನಿ ಏರಿತು. "ಬಕೆಟ್ಟು ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದಳು. ಹೇಳೇ. ಅಜ್ಜ ಏನಂದ್ರು?"

ಚೂಟಿ ಅಮ್ಮನ ಮುಖ ನೋಡಿದಳು. ಅಜ್ಜನ ಮುಖ ನೋಡಿದಳು. ಉಪ್ಪಿನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಒಂದು ಚಿಟಿಕೆ ಹಾಕಿಕೊಂಡಳು.

"'ನೋಡ್ಕೋ' ಅಂದ್ರು" ಎಂದಳು. ಆಮೇಲೆ, ಥೇಟ್ ಅಮ್ಮನಂತೆಯೇ, ಅಷ್ಟು ಸಾಲದೆಂಬಂತೆ ಸೇರಿಸಿದಳು: "'ಗೋಡೆ ಒಣಗೋವರೆಗೆ ನೋಡ್ಕೋ' ಅಂದ್ರು."

"ಮುಗೀತಲ್ಲ?" ಅಂದ ಗಂಡ.

ಬೆಳಿಗ್ಗೆ ಸೊಸೆ ಒಗೆದ ಪರದೆಯನ್ನು ಮತ್ತೆ ಕಂಬಿಯ ಬಳೆಗಳಿಗೆ ಸಿಕ್ಕಿಸುತ್ತಿದ್ದಳು. ಚೂಟಿ ಶಾಲೆಯ ಚೀಲ ತುಂಬುತ್ತಿದ್ದಳು.

"ಯಾಕೆ ಹಾಗಂದೆ? ನಿನಗೂ ಬಾಗಿಲು ಬೇಕಿತ್ತಲ್ವಾ?"

"ಬೇಕಿತ್ತು" ಎಂದಳು ಚೂಟಿ. ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ಗುಮಾಸ್ತರು ಹತ್ತು ಗಂಟೆಗೆ ಬಂದರು. ಮಾತಿಗೊಮ್ಮೆ ಕನ್ನಡಕ ಒರೆಸುವ ಸಂಭಾವಿತ ಮನುಷ್ಯ. ಸೊಸೆ ಕೊರಳಿನ ದಾರ ಬಿಚ್ಚಿ, ಕೀಲಿಕೈಯನ್ನು ಅತ್ತೆಯ ಕೈಗೆ ಕೊಟ್ಟಳು. ಅವರು ಒಳಗೆ ಹೋಗಿ ನೋಡಿ, ಗೋಡೆಯ ಸೀಮೆಸುಣ್ಣದ ಗೀಟು ಏನೆಂದು ಕೇಳಿ, "ಹಲಗೆ ಹೊಡೆಯೋಕೆ ಒಳ್ಳೇ ಜಾಗ" ಎಂದು ಮೆಚ್ಚಿ ಹೊರಗೆ ಬಂದರು. ಹೊಸ್ತಿಲ ಹತ್ತಿರ ಬಗ್ಗಿದರು.

"ಇದೇನಿದು, ಕಳೆಯಾ? ಕಾಲಿಗೆ ಚುಚ್ಚುತ್ತಲ್ಲ."

ಹೊಸ್ತಿಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಾಲ್ಕು ಎಲೆ ಎದ್ದಿದ್ದವು. ಮೇಲೆ ಒರಟು ಹಸಿರು, ಕೆಳಗೆ ಬಿಳಿ ಉಣ್ಣೆ. ಸ್ವಲ್ಪ ಆಚೆ ಇನ್ನೊಂದು. ಗೋಡೆಯ ಉದ್ದಕ್ಕೂ ಇನ್ನೂ ಹಲವು, ಉಗುರಿನಷ್ಟು.

"ಅಯ್ಯೋ, ಈ ಪೀಡೆ ಇನ್ನೂ ತೊಲಗಿಲ್ವಾ!" ಅತ್ತೆ ಹೌಹಾರಿದಳು. "ಈಗಲೇ ತೆಗೆಸ್ತೀನಿ ಸ್ವಾಮಿ, ನೀವು ಬನ್ನಿ, ಚಹಾ ಕುಡಿಯುವಿರಂತೆ. ಏಯ್, ಒಂದೂ ಬಿಡದ ಹಾಗೆ ಕಿತ್ತುಬಿಡು. ಬೇರು ಸಮೇತ."

ಅವರು ಒಳಗೆ ಹೋದರು. ಸೊಸೆ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಿಡದ ಬುಡ ಹಿಡಿದಾಗ ಮುಳ್ಳು ಹೆಬ್ಬೆರಳಿಗೆ, ಸೂಜಿ ಚುಚ್ಚಿ ಗಟ್ಟಿಯಾದ ಜಾಗಕ್ಕೇ ಚುಚ್ಚಿತು. ಮೆಲ್ಲಗೆ ಎಳೆದರೆ ಬೇರು ಪೂರ್ತಿ ಬರುವುದು ಅವಳಿಗೆ ಗೊತ್ತಿತ್ತು, ನಾದಿನಿ ಹಾಗೆ ಎಳೆಯುವುದನ್ನು ಮೆಟ್ಟಿಲ ಮೇಲೆ ಕೂತು ಎಷ್ಟೋ ಸಲ ನೋಡಿದ್ದಳು. ಅವಳು ಜಗ್ಗನೆ ಎಳೆದಳು. ಮಣ್ಣಿನೊಳಗೆ ಟಕ್ ಎಂದು ಸದ್ದಾಯಿತು. ಇನ್ನೊಂದನ್ನು ಎಳೆದಳು. ಟಕ್. ಹೀಗೆ ಗೋಡೆಯ ಕೊನೆಯವರೆಗೂ ಹೋದಳು. ಆಮೇಲೆ ಸಂದಿಗಳ ಮೇಲೆ ಮಣ್ಣು ಎಳೆದು ಅಂಗೈಯಲ್ಲಿ ತಟ್ಟಿ ಸಮ ಮಾಡಿದಳು.

"ಕಿತ್ತೆಯೇನೇ?" ಒಳಗಿನಿಂದ ಅತ್ತೆ ಕೂಗಿದಳು.

"ಕಿತ್ತೆ."

"ಬೇರು ಸಮೇತ?"

"ಬೇರು ಸಮೇತ" ಎಂದಳು ಸೊಸೆ. ಕೈ ಝಾಡಿಸಿಕೊಂಡು ಮೆಟ್ಟಿಲ ಮೇಲೆ ಕೂತು, ಅಂಗಿಗಳ ಗಂಟು ಬಿಚ್ಚಿದಳು.